ಹಾಡು ನಿಧಾನವಾಗದು, ಚಿತ್ರ ನಿಧಾನವಾಗುತ್ತದೆ: ಬ್ಯಾಂಡ್ ವಿಡಿಯೋಗಳಲ್ಲಿ ಸ್ಲೋ ಮೋಷನ್ ಲೆಕ್ಕಾಚಾರ

ಸಿನಿಮಾದಲ್ಲಿ ಒಂದು ದೃಶ್ಯವನ್ನು ನಿಧಾನ ಮಾಡಬೇಕೆಂದರೆ ಅದರ ಸದ್ದನ್ನೂ ಜೊತೆಗೇ ನಿಧಾನ ಮಾಡಬಹುದು, ಬೇಡವೆಂದರೆ ಪೂರ್ತಿ ತೆಗೆದುಬಿಡಬಹುದು, ಆಮೇಲೆ ಆ ದೃಶ್ಯದ ಅಳತೆಗೇ ಹಿನ್ನೆಲೆ ಸಂಗೀತ ಮಾಡಿಸಬಹುದು. ಬ್ಯಾಂಡ್‌ಗೆ ಮ್ಯೂಸಿಕ್ ವಿಡಿಯೋ ಮಾಡುವವರಿಗೆ ಈ ಅನುಕೂಲಗಳಲ್ಲಿ ಒಂದೂ ಇಲ್ಲ. ಅವರ ಕೈಗೆ ಹಾಡು ಬರುವುದೇ ಪೂರ್ತಿ ಸಿದ್ಧವಾಗಿ. ಅದರ ವೇಗ, ಉದ್ದ, ಡ್ರಮ್ಮಿನ ಪೆಟ್ಟು ಬೀಳುವ ಜಾಗ, ಗಾಯಕ ಉಸಿರೆಳೆದುಕೊಳ್ಳುವ ಜಾಗ, ಎಲ್ಲವೂ ನಿಗದಿಯಾಗಿರುತ್ತವೆ. ಚಿತ್ರವನ್ನು ಎಷ್ಟು ಬೇಕಾದರೂ ನಿಧಾನ ಮಾಡಿ, ಹಾಡು ಮಾತ್ರ ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ.

ಹಾಗಾಗಿ ಮ್ಯೂಸಿಕ್ ವಿಡಿಯೋದಲ್ಲಿ ಸ್ಲೋ ಮೋಷನ್ ಎಂದರೆ ಒಂದೇ ಪರದೆಯ ಮೇಲೆ ಎರಡು ಗಡಿಯಾರ ಓಡಿಸಿದಂತೆ. ಕಿವಿಗೆ ಕೇಳುವ ಗಡಿಯಾರ ಒಂದು, ಕಣ್ಣಿಗೆ ಕಾಣುವುದು ಇನ್ನೊಂದು. ಇವೆರಡರ ನಡುವೆ ಎಲ್ಲೋ ಒಂದು ಕಡೆ ಗಂಟು ಬಿದ್ದಿದ್ದರೆ ನೋಡುವವರಿಗೆ ಮೈ ಜುಮ್ಮೆನ್ನುತ್ತದೆ. ಆ ಗಂಟು ಇಲ್ಲದಿದ್ದರೆ ಯಾರದೋ ಹಾಡಿಗೆ ಯಾರದೋ ಚಿತ್ರ ಅಂಟಿಸಿದಂತಿರುತ್ತದೆ. ಆ ಗಂಟು ಹಾಕುವ ದಾರಿಗಳನ್ನು ನೋಡೋಣ. ಮೊದಲು ನಿಧಾನ ಹುಟ್ಟುವುದು ಹೇಗೆ ಎಂಬುದು ಸ್ಪಷ್ಟವಾಗಲಿ.

ನಿಧಾನ ಹುಟ್ಟುವುದು ಕ್ಯಾಮೆರಾದಲ್ಲಿ

ಸಿನಿಮಾದ ರೂಢಿಯ ವೇಗ ಸೆಕೆಂಡಿಗೆ 24 ಫ್ರೇಮ್. ಅಂದರೆ ಒಂದು ಸೆಕೆಂಡಿನ ಚಲನೆಗೆ 24 ಬಿಡಿ ಚಿತ್ರಗಳು. ಅದೇ ಒಂದು ಸೆಕೆಂಡನ್ನು 48 ಚಿತ್ರಗಳಾಗಿ ಹಿಡಿದು, ತೋರಿಸುವಾಗ ಸೆಕೆಂಡಿಗೆ 24ರಂತೆಯೇ ತೋರಿಸಿದರೆ ಅದು ಎರಡು ಸೆಕೆಂಡು ಹಿಡಿಯುತ್ತದೆ. 120 ಹಿಡಿದರೆ ಐದು ಸೆಕೆಂಡು. ಸ್ಲೋ ಮೋಷನ್ನಿನ ಮೂಲ ತತ್ವ ಇಷ್ಟೇ: ಹೆಚ್ಚು ಹಿಡಿ, ಅದೇ ವೇಗದಲ್ಲಿ ತೋರಿಸು. ಆಸ್ಟ್ರಿಯಾದ ಪಾದ್ರಿಯೂ ಭೌತಶಾಸ್ತ್ರಜ್ಞರೂ ಆಗಿದ್ದ ಆಗಸ್ಟ್ ಮುಸ್ಗರ್ 1904ರಲ್ಲೇ ಇದಕ್ಕೊಂದು ಯಂತ್ರದ ಪೇಟೆಂಟ್ ಪಡೆದಿದ್ದರು. ಸಿನಿಮಾಕ್ಕೆ ಇನ್ನೂ ಹತ್ತು ವರ್ಷವೂ ತುಂಬಿರಲಿಲ್ಲ.

ಕ್ಯಾಮೆರಾ 24ರಲ್ಲೇ ಓಡಿದ್ದರೆ ಎಡಿಟಿಂಗಿನಲ್ಲಿ ನಿಧಾನ ಮಾಡುವುದು ಬೇರೆಯದೇ ಕೆಲಸ. ಅಲ್ಲಿ ಇಲ್ಲದ ಫ್ರೇಮುಗಳನ್ನು ಎಲ್ಲಿಂದಲೋ ತರಬೇಕು. ಇದ್ದ ಫ್ರೇಮನ್ನೇ ಎರಡೆರಡು ಸಲ ತೋರಿಸಿದರೆ ಚಲನೆ ತಡವರಿಸುತ್ತದೆ. ಆಪ್ಟಿಕಲ್ ಫ್ಲೋ ಎಂಬ ತಂತ್ರ ಎರಡು ಫ್ರೇಮುಗಳ ನಡುವೆ ಯಾವ ಚುಕ್ಕೆ ಎಲ್ಲಿಗೆ ಸರಿಯಿತು ಎಂದು ಊಹಿಸಿ ಹೊಸ ಫ್ರೇಮನ್ನು ಕಟ್ಟುತ್ತದೆ. ಬಯಲಿನಲ್ಲಿ ನಡೆದು ಹೋಗುವ ಒಬ್ಬ ವ್ಯಕ್ತಿಗೆ ಇದು ಚೆನ್ನಾಗಿಯೇ ಒದಗುತ್ತದೆ. ಆದರೆ ಬ್ಯಾಂಡಿನ ವಿಡಿಯೋದಲ್ಲಿ ಇರುವುದೇನು? ಮಸುಕಾಗಿ ಕಾಣುವ ಡ್ರಮ್ ಕೋಲು, ಹಾರುವ ಕೂದಲು, ಒಂದರ ಹಿಂದೆ ಒಂದು ಹಾಯುವ ಬೆರಳುಗಳು, ಮಿನುಗಿ ಮಾಯವಾಗುವ ಬೆಳಕು. ಊಹೆ ಕೈಕೊಡುವುದು ಇಂಥ ಕಡೆಯೇ. ಕೋಲು ಕರಗಿದಂತಾಗುತ್ತದೆ, ಬೆರಳುಗಳ ನಡುವೆ ಗಿಟಾರಿನ ಕತ್ತು ಬಾಗುತ್ತದೆ. ನಿಧಾನ ಬೇಕು ಎಂಬುದು ಚಿತ್ರೀಕರಣಕ್ಕೆ ಮೊದಲೇ ತೀರ್ಮಾನವಾಗಿರಬೇಕು ಎನ್ನುವುದು ಇದಕ್ಕೇ.

ತುಟಿ ಹಾಡಿನ ಜೊತೆ, ಮೈ ಕನಸಿನ ಜೊತೆ

ಎರಡು ಗಡಿಯಾರಗಳನ್ನು ಜೋಡಿಸುವ ಅತ್ಯಂತ ಸೊಗಸಾದ ದಾರಿ ಬಹಳ ಹಳೆಯದು. ಸೆಟ್ಟಿನಲ್ಲಿ ಹಾಡನ್ನು ಇಮ್ಮಡಿ ವೇಗದಲ್ಲಿ ನುಡಿಸುತ್ತಾರೆ. ಗಾಯಕ ಆ ವೇಗಕ್ಕೇ ತುಟಿಯಾಡಿಸುತ್ತಾನೆ. ಕ್ಯಾಮೆರಾ 48 ಫ್ರೇಮಿನಲ್ಲಿ ಓಡುತ್ತದೆ. ಆಮೇಲೆ 24ರಲ್ಲಿ ತೋರಿಸಿದಾಗ ಎಲ್ಲವೂ ಅರ್ಧ ವೇಗಕ್ಕೆ ಇಳಿಯುತ್ತದೆ, ಆದ್ದರಿಂದ ಇಮ್ಮಡಿಯಾಗಿ ಆಡಿದ ತುಟಿ ಹಾಡಿನ ನಿಜವಾದ ವೇಗಕ್ಕೆ ಬಂದು ಕೂರುತ್ತದೆ. ತುಟಿ ಮಾತ್ರ ಮಾಮೂಲಿ. ಕೂದಲು, ಬಟ್ಟೆ, ಹೊಗೆ, ಮಳೆ, ಕಣ್ಣಿನ ರೆಪ್ಪೆ, ಭುಜದ ಏರಿಳಿತ ಎಲ್ಲವೂ ಅರ್ಧ ವೇಗದಲ್ಲಿ. ಶಾಸ್ತ್ರೀಯ ಸಂಗೀತ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಎರಡನೇ ಕಾಲದಲ್ಲಿ ಹಾಡಿದಾಗಲೂ ತಾಳದ ಕೈ ಒಂದೇ ವೇಗದಲ್ಲಿ ಬೀಳುತ್ತಿರುತ್ತದಲ್ಲ, ಇಲ್ಲಿಯೂ ಒಂದು ಸ್ಥಿರ, ಇನ್ನೊಂದು ಅದರ ಇಮ್ಮಡಿ.

ದಿ ಪೊಲೀಸ್ ಬ್ಯಾಂಡಿನ ‘ರ‍್ಯಾಪ್ಡ್ ಅರೌಂಡ್ ಯುವರ್ ಫಿಂಗರ್’ ಹಾಡಿಗೆ 1983ರಲ್ಲಿ ಗಾಡ್ಲಿ ಮತ್ತು ಕ್ರೀಮ್ ಜೋಡಿ ಮಾಡಿದ ವಿಡಿಯೋ ಈ ತಂತ್ರದ ಒಳ್ಳೆಯ ಪಾಠ. ಸಾಲುಸಾಲು ಎತ್ತರದ ಮೇಣದಬತ್ತಿಗಳ ನಡುವೆ ಸ್ಟಿಂಗ್ ಹಾಡುತ್ತಾ ಓಡಾಡುತ್ತಾರೆ. ಬಾಯಿ ಹಾಡಿಗೆ ಸರಿಯಾಗಿದೆ, ಮೈ ಮಾತ್ರ ತೇಲುತ್ತಿದೆ. ಕೋಲ್ಡ್‌ಪ್ಲೇ ಬ್ಯಾಂಡಿನ ‘ಯೆಲ್ಲೋ’ (2000) ಇದೇ ಉಪಾಯವನ್ನು ಇನ್ನೂ ಸರಳವಾಗಿ ಬಳಸಿತು. ಸಮುದ್ರ ತೀರದಲ್ಲಿ ಗಾಯಕನೊಬ್ಬನೇ ಕ್ಯಾಮೆರಾದತ್ತ ನಡೆದು ಬರುತ್ತಾನೆ, ನಡುವೆ ಒಂದು ಕಟ್ ಕೂಡ ಇಲ್ಲ. 50 ಫ್ರೇಮಿನಲ್ಲಿ ಹಿಡಿದು 25ರಲ್ಲಿ ತೋರಿಸಿದ ಈ ವಿಡಿಯೋಗೆ ಗಾಯಕ ಕ್ರಿಸ್ ಮಾರ್ಟಿನ್ ಇಡೀ ಹಾಡನ್ನು ಇಮ್ಮಡಿ ವೇಗದಲ್ಲಿ ಹಾಡಬೇಕಾಯಿತು. ಬೇರೆ ಯಾವ ಅಲಂಕಾರವೂ ಇಲ್ಲದಿದ್ದರೂ ಕಣ್ಣು ಕದಲದೆ ನೋಡಿಸಿಕೊಳ್ಳುತ್ತದೆ. ಏನೋ ವಿಚಿತ್ರವಾಗಿದೆ ಎಂದು ನೋಡುವವರಿಗೆ ಅನ್ನಿಸುತ್ತದೆ, ಏನೆಂದು ತಕ್ಷಣ ಹೊಳೆಯುವುದಿಲ್ಲ. ಈ ತಂತ್ರದ ಶಕ್ತಿಯೆಲ್ಲ ಇರುವುದು ಆ ಸಣ್ಣ ಗೊಂದಲದಲ್ಲಿ.

ಮಾಡಹೊರಟವರಿಗೆ ಕೆಲವು ಕಷ್ಟಗಳು ಎದುರಾಗುತ್ತವೆ. ಹಾಡನ್ನು ಹಾಗೇ ಇಮ್ಮಡಿ ಮಾಡಿದರೆ ಸ್ವರವೂ ಒಂದು ಸ್ಥಾಯಿ ಮೇಲೇರಿ ಪದಗಳು ಕೀಚಲಾಗುತ್ತವೆ. ಈಗಿನ ಆಡಿಯೋ ತಂತ್ರಾಂಶಗಳಲ್ಲಿ ಶ್ರುತಿಯನ್ನು ಹಾಗೇ ಉಳಿಸಿ ವೇಗವನ್ನಷ್ಟೇ ಏರಿಸಬಹುದು. ಗಾಯಕನಿಗೆ ಆ ಪ್ರತಿಯನ್ನು ವಾರದ ಮುಂಚೆಯೇ ಕೊಟ್ಟು ರೂಢಿ ಮಾಡಿಸುವುದು ಒಳ್ಳೆಯದು. ಇಮ್ಮಡಿ ವೇಗದಲ್ಲಿ ಬಾಯಿ ಪೂರ್ತಿ ತೆರೆಯುವುದಿಲ್ಲ, ತುಟಿ ಮುಚ್ಚಬೇಕಾದ ಪ, ಬ, ಮ ಅಕ್ಷರಗಳು ಜಾರಿಹೋಗುತ್ತವೆ. ಅವು ಜಾರಿದರೆ ಸಿಂಕ್, ಅಂದರೆ ತುಟಿಗೂ ಹಾಡಿಗೂ ಇರುವ ಹೊಂದಿಕೆ, ಕೆಟ್ಟಂತೆಯೇ, ಏಕೆಂದರೆ ನಮ್ಮ ಕಣ್ಣು ತುಟಿಯಲ್ಲಿ ಮೊದಲು ಹುಡುಕುವುದು ಅವನ್ನೇ. ವೇಗದ ಹಾಡಾದರೆ ಇಮ್ಮಡಿ ಸಾಧ್ಯವೇ ಇಲ್ಲ. ಆಗ ಕೈಹಿಡಿಯುವುದು ಸಣ್ಣ ಪ್ರಮಾಣಗಳು: ಹಾಡು ಶೇಕಡ 125 ವೇಗದಲ್ಲಿ, ಕ್ಯಾಮೆರಾ 30 ಫ್ರೇಮಿನಲ್ಲಿ, ಅಥವಾ ಹಾಡು ಶೇಕಡ 150, ಕ್ಯಾಮೆರಾ 36. ಶೇಕಡ 125ರಲ್ಲಿ ಸ್ಲೋ ಮೋಷನ್ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಗಾಯಕ ಸ್ವಲ್ಪ ಗಂಭೀರವಾಗಿ, ಸ್ವಲ್ಪ ಹಗುರಾಗಿ ಕಾಣುತ್ತಾನೆ ಅಷ್ಟೆ. ನನಗೆ ಬಹಳ ಇಷ್ಟವಾಗುವುದು ಇದೇ ಪ್ರಮಾಣ.

ಡ್ರಮ್ಮರನ ಪಾಡು ಬೇರೆ. ನಿಮಿಷಕ್ಕೆ 120 ಬೀಟಿನ ಹಾಡು ಇಮ್ಮಡಿಯಾದರೆ 240 ಆಗುತ್ತದೆ. ಒಂದೊಂದು ಬೀಟಿಗೆ ನಾಲ್ಕು ಪೆಟ್ಟಿರುವ ಸಾಲು ಬಂದರೆ ಸೆಕೆಂಡಿಗೆ 16 ಪೆಟ್ಟು ಹೊಡೆಯಬೇಕು. ಹೆಚ್ಚಿನವರಿಗೆ ಅದು ಆಗದ ಮಾತು. ಆದ್ದರಿಂದ ಈ ತಂತ್ರದ ಶಾಟುಗಳಲ್ಲಿ ಗಾಯಕನನ್ನು ಮುಂದಿಟ್ಟು ಡ್ರಮ್ಮರನನ್ನು ಹಿನ್ನೆಲೆಯ ಮಸುಕಿಗೆ ಸರಿಸುತ್ತಾರೆ, ಇಲ್ಲವೇ ಅವನಿಂದ ದೊಡ್ಡ ಪೆಟ್ಟುಗಳನ್ನಷ್ಟೇ ಹೊಡೆಸುತ್ತಾರೆ. ಅವನಿಗೆ ನ್ಯಾಯ ಸಿಗುವುದು ಬೇರೆ ಬಗೆಯ ಶಾಟಿನಲ್ಲಿ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡಬೇಕು. ಕ್ಯಾಮೆರಾಗಳಲ್ಲಿ 24 ಎಂದು ಬರೆದಿರುವುದು ಎಷ್ಟೋ ಸಲ ನಿಜವಾಗಿ 23.976 ಆಗಿರುತ್ತದೆ. ವ್ಯತ್ಯಾಸ ಸಾವಿರಕ್ಕೆ ಒಂದರಷ್ಟು. ಆದರೆ ನಾಲ್ಕು ನಿಮಿಷದ ಹಾಡಿನ ಕೊನೆಗೆ ಅದು ಸುಮಾರು ಕಾಲು ಸೆಕೆಂಡು, ಅಂದರೆ ಹೆಚ್ಚುಕಡಿಮೆ ಆರು ಫ್ರೇಮಿನಷ್ಟು ಜಾರಿರುತ್ತದೆ. ಪ್ರಸಾರ ಕ್ಷೇತ್ರದಲ್ಲಿ ಒಪ್ಪಿರುವ ಅಳತೆಯಂತೆ ಸದ್ದು ಚಿತ್ರಕ್ಕಿಂತ 45 ಮಿಲಿಸೆಕೆಂಡು ಮುಂಚೆ ಬಂದರೆ ಜನ ಗುರುತಿಸುತ್ತಾರೆ. ತಡವಾಗಿ ಬಂದರೆ ಸುಮಾರು 125 ಮಿಲಿಸೆಕೆಂಡಿನವರೆಗೂ ಗಮನಿಸುವುದಿಲ್ಲ. ಈ ಜಾರುವಿಕೆಯಲ್ಲಿ ಸದ್ದು ಮುಂದೆ ಹೋದರೆ ಮುಕ್ಕಾಲು ನಿಮಿಷದೊಳಗೆ ಸಿಕ್ಕಿಬಿದ್ದಂತೆಯೇ. ಸೆಟ್ಟಿನಲ್ಲಿ ನುಡಿಸುವ ಹಾಡಿನ ಪ್ಲೇಬ್ಯಾಕ್ ಪ್ರತಿ, ಕ್ಯಾಮೆರಾ, ಶಾಟುಗಳನ್ನು ಜೋಡಿಸುವ ಎಡಿಟಿಂಗ್ ಟೈಮ್‌ಲೈನ್ ಮೂರೂ 24 ಅಥವಾ 23.976ರ ಒಂದೇ ಲೆಕ್ಕದಲ್ಲಿವೆಯೇ ಎಂದು ಮೊದಲ ಟೇಕಿಗೆ ಮುಂಚೆ ನೋಡಿಕೊಂಡರೆ ಮುಗಿಯಿತು.

ತಾಳಕ್ಕೆ ಹೊಂದುವ ನಿಧಾನ, ಹೊಂದದ ನಿಧಾನ

ಈಗ ಡ್ರಮ್ಮರನ ವಿಷಯ. ಪ್ಲೇಬ್ಯಾಕನ್ನು ವೇಗ ಮಾಡದೆ, ಮಾಮೂಲಿ ಹಾಡಿಗೇ ಅವನು ಬಾರಿಸಲಿ, ಕ್ಯಾಮೆರಾ ಮಾತ್ರ ಹೆಚ್ಚು ಫ್ರೇಮಿನಲ್ಲಿ ಓಡಲಿ. ಆಗ ಅವನ ಪೆಟ್ಟು ಕೇಳುವ ಪೆಟ್ಟಿಗೆ ಹೊಂದುವುದಿಲ್ಲವಲ್ಲ ಎಂದು ಅನ್ನಿಸಬಹುದು. ಎಷ್ಟು ಪಟ್ಟು ನಿಧಾನ ಎಂಬುದನ್ನು ಸರಿಯಾಗಿ ಆರಿಸಿಕೊಂಡರೆ ಖಂಡಿತ ಹೊಂದುತ್ತದೆ.

120 ಬೀಟಿನ ಹಾಡಿನಲ್ಲಿ ಅರ್ಧ ಸೆಕೆಂಡಿಗೊಂದು ಪೆಟ್ಟು. ಎರಡು ಪಟ್ಟು ನಿಧಾನ ಮಾಡಿದರೆ ಪರದೆಯ ಮೇಲೆ ಒಂದು ಸೆಕೆಂಡಿಗೊಂದು ಪೆಟ್ಟು ಕಾಣುತ್ತದೆ. ಹಾಡಿನಲ್ಲಿ ಅದು ಸರಿಯಾಗಿ ಒಂದು ಬೀಟ್ ಬಿಟ್ಟು ಒಂದು. ಮೊದಲ ಪೆಟ್ಟನ್ನು ಎಡಿಟರ್ ಬೀಟಿನ ಮೇಲೆ ಕೂರಿಸಿದರೆ ಉಳಿದವು ತಾವಾಗಿ ಕೂರುತ್ತವೆ. ನಾಲ್ಕು ಪಟ್ಟು ಮಾಡಿದರೆ ಎರಡು ಸೆಕೆಂಡಿಗೊಂದು. ನಾಲ್ಕು ಎಣಿಕೆಯ ಹಾಡಿನಲ್ಲಿ ಪ್ರತಿ ಆವರ್ತದ ಮೊದಲ ಪೆಟ್ಟಿಗೆ ಒಂದು. ಅದು ಇನ್ನೂ ಗಂಭೀರ. ಈಗ 60 ಫ್ರೇಮಿನಲ್ಲಿ ಹಿಡಿದು 24ರಲ್ಲಿ ತೋರಿಸಿ ನೋಡಿ, ಎರಡೂವರೆ ಪಟ್ಟು ನಿಧಾನ. ಪೆಟ್ಟು 1.25 ಸೆಕೆಂಡಿಗೊಂದು ಬೀಳುತ್ತದೆ, ಒಂದು ಬಿಟ್ಟು ಒಂದು ಪೆಟ್ಟು ಎರಡು ಬೀಟುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ನೋಡುವವರು ಲೆಕ್ಕ ಹಾಕುವುದಿಲ್ಲ, ಆದರೆ ಡ್ರಮ್ಮರ್ ತಾಳ ತಪ್ಪುತ್ತಿದ್ದಾನೆ ಎಂದು ಅವರ ಮೈಗೆ ಗೊತ್ತಾಗುತ್ತದೆ. 120 ಫ್ರೇಮ್ ಆದರೆ ಐದು ಪಟ್ಟು. ಪೆಟ್ಟು ಬೀಟಿನ ಮೇಲೇ ಬೀಳುತ್ತದೆ, ಆದರೆ ಐದಕ್ಕೊಂದು ಬೀಳುವುದರಿಂದ ನಾಲ್ಕರ ಆವರ್ತದಲ್ಲಿ ಒತ್ತು ಜಾಗ ಬದಲಿಸುತ್ತಾ ಹೋಗುತ್ತದೆ. ಬೇಕೆಂದೇ ಮಾಡಿದರೆ ಚೆಂದ, ಗೊತ್ತಿಲ್ಲದೆ ಆದರೆ ಗೋಜಲು.

ಹೀಗಾಗಿ ಕ್ಯಾಮೆರಾದ ಮೆನುವಿನಲ್ಲಿ 60, 120 ಎಂದು ಸುಲಭವಾಗಿ ಸಿಗುವ ಅಂಕಿಗಳು 24ರ ಟೈಮ್‌ಲೈನಿಗೆ ಒಳ್ಳೆಯ ಜೋಡಿಯಲ್ಲ. 24ಕ್ಕೆ 48 ಮತ್ತು 96, 25ಕ್ಕೆ 50 ಮತ್ತು 100, 30ಕ್ಕೆ 60 ಮತ್ತು 120. ಕ್ಯಾಮೆರಾದಲ್ಲಿ 60, 120 ಮಾತ್ರ ಇದ್ದರೆ ಇಡೀ ವಿಡಿಯೋವನ್ನು 30ರಲ್ಲಿ ಕಟ್ಟುವುದೇ ಮೇಲು. 120ರಲ್ಲಿ ಹಿಡಿದದ್ದನ್ನು 24ರ ಟೈಮ್‌ಲೈನಿನಲ್ಲಿ ನಾಲ್ಕು ಪಟ್ಟಿಗೆ ತರಲು ಹೋದರೆ ಪ್ರತಿ ಐದರಲ್ಲಿ ಒಂದು ಫ್ರೇಮ್ ಬಿಡಬೇಕು, ಆಗ ನುಣುಪಾದ ಚಲನೆಯಲ್ಲಿ ಸಣ್ಣ ಎಡವು ಕಾಣಿಸಿಕೊಳ್ಳುತ್ತದೆ.

ನೆಗೆತ, ನೀರು, ತಂತಿ

ಯಾವುದನ್ನು ನಿಧಾನ ಮಾಡಿದರೆ ಫಲ ಸಿಗುತ್ತದೆ? ಬೀಳುವ ವಸ್ತುಗಳಿಂದ ಶುರುಮಾಡೋಣ. ಬೀಳಲು ತಗಲುವ ಸಮಯ ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಎರಡು ಪಟ್ಟು ಹೊತ್ತು ಗಾಳಿಯಲ್ಲಿರಬೇಕಾದರೆ ನಾಲ್ಕು ಪಟ್ಟು ಎತ್ತರಕ್ಕೆ ನೆಗೆಯಬೇಕು. ಗಿಟಾರ್ ಹಿಡಿದು 40 ಸೆಂಟಿಮೀಟರ್ ನೆಗೆದವನು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಗಾಳಿಯಲ್ಲಿರುತ್ತಾನೆ. ಅದನ್ನು 48 ಫ್ರೇಮಿನಲ್ಲಿ ಹಿಡಿದು 24ರಲ್ಲಿ ತೋರಿಸಿದರೆ ಅವನು ಗಾಳಿಯಲ್ಲಿ ಕಳೆಯುವ ಹೊತ್ತು 160 ಸೆಂಟಿಮೀಟರ್ ನೆಗೆತದಷ್ಟಾಗುತ್ತದೆ. ಭೂಮಿಯ ಸೆಳೆತಕ್ಕೆ ಒಗ್ಗಿದ ನಮ್ಮ ಕಣ್ಣು ಆ ಹೊತ್ತನ್ನು ಎತ್ತರವಾಗಿ, ತೂಕವಾಗಿ ಓದಿಕೊಳ್ಳುತ್ತದೆ. ಚಿಕ್ಕ ಮಾದರಿಗಳನ್ನು ದೊಡ್ಡ ಕಟ್ಟಡಗಳಂತೆ ತೋರಿಸಲು ಸಿನಿಮಾದವರು ಇದೇ ಸೂತ್ರ ಬಳಸುತ್ತಿದ್ದರು: ಕಾಲು ಭಾಗದ ಅಳತೆಯ ಮಾದರಿಗೆ ಎರಡು ಪಟ್ಟು ಫ್ರೇಮ್. ಡ್ರಮ್ಮಿನ ಮೇಲೆ ನೀರು ಸುರಿದು ಬಾರಿಸಿದರೆ, ಪುಡಿ ಎರಚಿ ಬಾರಿಸಿದರೆ ಅಷ್ಟು ದೊಡ್ಡದಾಗಿ ಕಾಣುವುದೂ ಇದರಿಂದಲೇ. ಹನಿ ಮೇಲೆದ್ದು ನಿಂತು ಬೀಳುವ ಹೊತ್ತು ಉದ್ದವಾಗಿ, ಆ ಪೆಟ್ಟೇ ದೊಡ್ಡದಾಗಿಬಿಡುತ್ತದೆ.

ನೂರಿನ್ನೂರು ಫ್ರೇಮು ದಾಟಿ ಸಾವಿರದ ಹತ್ತಿರ ಹೋದರೆ ವಾದ್ಯದ ಒಳಗೇ ಕಣ್ಣಿಟ್ಟಂತಾಗುತ್ತದೆ. ಗಿಟಾರಿನ ಅತ್ಯಂತ ದಪ್ಪ ತಂತಿ ರೂಢಿಯ ಶ್ರುತಿಯಲ್ಲಿ ಸೆಕೆಂಡಿಗೆ 82 ಸಲಕ್ಕಿಂತ ತುಸು ಹೆಚ್ಚು ಕಂಪಿಸುತ್ತದೆ. ಬರಿಗಣ್ಣಿಗೆ ಅದು ಮಸುಕಾದ ಪಟ್ಟಿ. ಸೆಕೆಂಡಿಗೆ 1000 ಫ್ರೇಮಿನಲ್ಲಿ ಹಿಡಿದು 24ರಲ್ಲಿ ತೋರಿಸಿದರೆ ಅದೇ ತಂತಿ ಸೆಕೆಂಡಿಗೆ ಎರಡು ಸಲ ಅತ್ತಿತ್ತ ತೂಗುತ್ತದೆ. ಬೇಸ್ ಗಿಟಾರಿನ ದಪ್ಪ ತಂತಿ ಅದರ ಅರ್ಧ, ಸೆಕೆಂಡಿಗೆ ಒಂದು ಸಲ. ಹಾಡು 120 ಬೀಟಿನದಾದರೆ ಗಿಟಾರಿನ ತಂತಿಯ ಒಂದೊಂದು ತೂಗು ಹೆಚ್ಚುಕಡಿಮೆ ಒಂದೊಂದು ಬೀಟಿಗೆ ಬರುತ್ತದೆ! ಸ್ವರವೇ ತಾಳವಾಗಿ ಕಣ್ಣಿಗೆ ಕಾಣುವ ಇಂಥ ಶಾಟು ಬೇರಾವ ಕಲೆಯಲ್ಲೂ ಸಿಗದು. ಸಿಂಬಲ್ ಇನ್ನೊಂದು ಅಚ್ಚರಿ. ಗಟ್ಟಿ ಲೋಹ ಎಂದುಕೊಂಡಿದ್ದ ತಟ್ಟೆ ಪೆಟ್ಟು ಬಿದ್ದ ಕಡೆಯಿಂದ ಅಲೆಯೆದ್ದು ಬಟ್ಟೆಯಂತೆ ಅಲ್ಲಾಡುತ್ತದೆ.

ಫೋನಿನಲ್ಲಿ ಗಿಟಾರ್ ತಂತಿ ಹಾವಿನಂತೆ ಅಂಕುಡೊಂಕಾಗಿ ಕಾಣುವ ವಿಡಿಯೋಗಳನ್ನು ಎಲ್ಲರೂ ನೋಡಿರುತ್ತೀರಿ. ಅದು ತಂತಿಯ ನಿಜವಾದ ಆಕಾರವಲ್ಲ. ಹೆಚ್ಚಿನ ಕ್ಯಾಮೆರಾಗಳು ಇಡೀ ಫ್ರೇಮನ್ನು ಒಮ್ಮೆಗೇ ಹಿಡಿಯುವುದಿಲ್ಲ, ಸಾಲುಸಾಲಾಗಿ ಓದಿಕೊಳ್ಳುತ್ತವೆ. ಒಂದು ಸಾಲಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ತಂತಿ ಜಾಗ ಬದಲಿಸಿರುತ್ತದೆ, ಅದೇ ಅಲೆಯಾಗಿ ಕಾಣುತ್ತದೆ. ನೋಡಲು ಸುಂದರವಾದ ಸುಳ್ಳು, ಬೇಕಾದರೆ ಬಳಸಿಕೊಳ್ಳಿ. ನಿಜವಾದ ಕಂಪನವೇ ಬೇಕಾದರೆ ಇಡೀ ಫ್ರೇಮನ್ನು ಒಟ್ಟಿಗೇ ಹಿಡಿಯುವ ಗ್ಲೋಬಲ್ ಶಟರ್ ಕ್ಯಾಮೆರಾ ಬೇಕು.

ಇಂಥ ವೇಗದಲ್ಲಿ ಕ್ಯಾಮೆರಾ ಹಿಡಿಯುವ ಕ್ರಮವೇ ಬೇರೆ. ಫ್ಯಾಂಟಮ್ ಫ್ಲೆಕ್ಸ್ 4ಕೆ ಮಾದರಿಯ ಕ್ಯಾಮೆರಾ 4ಕೆ ಎಂಬ ಅತಿ ಸ್ಪಷ್ಟ ಅಳತೆಯ ಚಿತ್ರವನ್ನೇ ಸೆಕೆಂಡಿಗೆ 1000 ಫ್ರೇಮಿನಂತೆ ಹಿಡಿಯಬಲ್ಲದು. ಆ ಮಾಹಿತಿಯ ಪ್ರವಾಹವನ್ನು ಮಾಮೂಲಿ ಕಾರ್ಡಿಗೆ ಬರೆಯಲು ಆಗುವುದಿಲ್ಲ. ಹಾಗಾಗಿ ಅದು ಒಳಗಿನ ಮೆಮೊರಿಯಲ್ಲಿ ಕೊನೆಯ ಕೆಲವು ಸೆಕೆಂಡುಗಳನ್ನು ಸುತ್ತುಸುತ್ತಾಗಿ ಬರೆಯುತ್ತಾ, ಹಳೆಯದನ್ನು ಅಳಿಸುತ್ತಾ ಇರುತ್ತದೆ. ಆಪರೇಟರ್ ಗುಂಡಿ ಒತ್ತುವುದು ಘಟನೆ ಮುಗಿದ ಮೇಲೆ. ಕೋಲು ಸಿಂಬಲ್ಲಿಗೆ ಬಡಿದಾಯಿತು, ಈಗ ಒತ್ತು, ಹಿಂದಿನ ನಾಲ್ಕು ಸೆಕೆಂಡು ಉಳಿದುಕೊಂಡಿತು. ಆ ನಾಲ್ಕು ಸೆಕೆಂಡು 24ರಲ್ಲಿ ಎರಡೂಮುಕ್ಕಾಲು ನಿಮಿಷಕ್ಕೂ ಹೆಚ್ಚು.

ಇದನ್ನು ತುದಿಗೊಯ್ದು ತೋರಿಸಿದವರು ಓಕೆ ಗೋ ಬ್ಯಾಂಡಿನವರು. 2016ರ ‘ದಿ ಒನ್ ಮೊಮೆಂಟ್’ ವಿಡಿಯೋದ ಬಹುಪಾಲು ಕೇವಲ 4.2 ಸೆಕೆಂಡಿನಲ್ಲಿ ನಡೆದ ಘಟನೆ. ಸಿಡಿಯುವ ಗಿಟಾರು, ಒಡೆಯುವ ನೀರಿನ ಬಲೂನು, ಹಾರುವ ಬಣ್ಣ, ಒಂದೊಂದೂ ಹಾಡಿನ ಇಂಥದ್ದೇ ಬೀಟಿಗೆ ಬರಬೇಕು. ಹಾಡಿನಲ್ಲಿ ಅರ್ಧ ಸೆಕೆಂಡಿನ ಅಂತರ ಸೆಟ್ಟಿನಲ್ಲಿ ಕೆಲವೇ ಮಿಲಿಸೆಕೆಂಡು. ಮನುಷ್ಯನ ಕೈ ಅಷ್ಟು ಚುರುಕಾಗಿ ಒಂದರ ಹಿಂದೊಂದು ಗುಂಡಿ ಒತ್ತಲಾರದು. ಗಾಯಕ ಡೇಮಿಯನ್ ಕುಲಾಶ್ ನಿರ್ದೇಶಿಸಿದ ಈ ವಿಡಿಯೋದಲ್ಲಿ ಪ್ರತಿ ಸಿಡಿತದ ಹೊತ್ತನ್ನೂ ಮೊದಲೇ ಲೆಕ್ಕ ಹಾಕಿ, ಯಂತ್ರಗಳ ಕೈಯಲ್ಲಿ ಸಿಡಿಸಲಾಯಿತು. ಅಬ್ಬರವೇ ಕಣ್ಣಿಗೆ ಬೀಳುವ ಈ ವಿಡಿಯೋ ನನಗೆ ಇಷ್ಟವಾಗುವುದು ಅದರ ಶಿಸ್ತಿಗೆ: ಎಷ್ಟು ನಿಧಾನವಾದರೂ ಚಿತ್ರ ತಾಳವನ್ನು ಕೈಬಿಟ್ಟಿಲ್ಲ.

ಬೆಳಕಿನ ಬೆಲೆ

ಸ್ಲೋ ಮೋಷನ್ನಿಗೆ ಬೆಲೆ ತೆರಬೇಕಾದ್ದು ಬೆಳಕಿನಲ್ಲಿ. ಚಲನೆ ಸಹಜವಾಗಿ ಕಾಣಲು ಪ್ರತಿ ಫ್ರೇಮಿನ ಅರ್ಧ ಹೊತ್ತು ಬೆಳಕನ್ನು ಒಳಬಿಡುವ ಶಟರ್ ತೆರೆದಿರಬೇಕು ಎಂಬುದು ರೂಢಿ. 24 ಫ್ರೇಮಿಗೆ ಅದು ಸೆಕೆಂಡಿನ 48ನೇ ಒಂದು ಭಾಗ, 120ಕ್ಕೆ 240ನೇ ಒಂದು ಭಾಗ. ಬೆಳಕು ಐದನೇ ಒಂದಕ್ಕೆ ಇಳಿಯಿತು. ಬೆಳಕು ಅರ್ಧಕ್ಕಿಳಿದರೆ ಒಂದು ಸ್ಟಾಪ್ ಎನ್ನುವ ಕ್ಯಾಮೆರಾದವರ ಲೆಕ್ಕದಲ್ಲಿ ಎರಡು ಸ್ಟಾಪಿಗಿಂತ ಹೆಚ್ಚು. 1000 ಫ್ರೇಮಿಗೆ ನಲವತ್ತು ಪಟ್ಟಿಗೂ ಹೆಚ್ಚು ಬೆಳಕು ಬೇಕು, ಐದು ಸ್ಟಾಪ್ ದಾಟುತ್ತದೆ. ಕತ್ತಲೆ ಗುಹೆಯಂಥ ಸೆಟ್ಟಿನಲ್ಲಿ ಒಂದೇ ಬಲ್ಬಿನ ಕೆಳಗೆ ಹಾಡುವ ಗಾಯಕನನ್ನು ಸಾವಿರ ಫ್ರೇಮಿನಲ್ಲಿ ಹಿಡಿಯುವ ಕಲ್ಪನೆ ಕಾಗದದ ಮೇಲೆ ಚೆನ್ನಾಗಿರುತ್ತದೆ, ಸೆಟ್ಟಿನಲ್ಲಿ ಆ ಕತ್ತಲನ್ನು ಕಾಣಿಸಲು ಹೊಳೆಯಾಗಿ ಬೆಳಕು ಸುರಿಯಬೇಕಾಗುತ್ತದೆ.

ಮಿನುಗು ಎರಡನೆಯ ತೊಂದರೆ. ವಿದ್ಯುತ್ತು 50 ಹರ್ಟ್ಸ್ ಇರುವ ಕಡೆ ಮಾಮೂಲಿ ದೀಪಗಳು ಸೆಕೆಂಡಿಗೆ 100 ಸಲ, 60 ಹರ್ಟ್ಸ್ ಇರುವ ಕಡೆ 120 ಸಲ ಏರಿಳಿಯುತ್ತವೆ. ಬರಿಗಣ್ಣಿಗೆ ಕಾಣದ ಈ ಏರಿಳಿತ ಸ್ಲೋ ಮೋಷನ್ನಿನಲ್ಲಿ ಎದ್ದು ಕಾಣುತ್ತದೆ. ಇಡೀ ಚಿತ್ರ ಪಟಪಟನೆ ಮಿಟುಕುತ್ತದೆ. ವೇದಿಕೆಯ ಎಲ್‌ಇಡಿಗಳು ಇನ್ನೂ ಕಠಿಣ, ಏಕೆಂದರೆ ಅವುಗಳಲ್ಲಿ ಎಷ್ಟೋ ದೀಪಗಳು ಬೆಳಕು ತಗ್ಗಿಸುವುದೇ ಅತಿ ವೇಗವಾಗಿ ಆರಿ ಹೊತ್ತಿಕೊಳ್ಳುವ ಮೂಲಕ. ಅವನ್ನು ಪೂರ್ತಿ ಪ್ರಕಾಶದಲ್ಲಿಟ್ಟರೆ ತೊಂದರೆ ತಗ್ಗುತ್ತದೆ. ದಪ್ಪ ಎಳೆಯ ದೊಡ್ಡ ಟಂಗ್‌ಸ್ಟನ್ ದೀಪಗಳ ಎಳೆ ತಣಿಯಲು ಪುರುಸೊತ್ತಿಲ್ಲದ್ದರಿಂದ ಅವು ಮಿಟುಕುವುದು ಕಡಿಮೆ. ಬಿಸಿಲಿಗೆ ಈ ಗೊಡವೆಯೇ ಇಲ್ಲ. ಕೈಯಲ್ಲಿ ಹಣ ಕಡಿಮೆ ಇರುವ ಬ್ಯಾಂಡ್ ನಿಧಾನದ ಶಾಟುಗಳನ್ನು ಬಯಲಿನಲ್ಲಿ ಹಗಲು ಹೊತ್ತಿನಲ್ಲೇ ಇಟ್ಟುಕೊಳ್ಳಲಿ ಎಂದು ನಾನು ಹೇಳುವುದು ಈ ಎರಡೂ ಕಾರಣಗಳಿಂದ.

ತಿರುವು, ಮುರುವು

ನಿಧಾನದ ನೆಂಟರು ಇನ್ನೂ ಕೆಲವರಿದ್ದಾರೆ. ಕಡಿಮೆ ಫ್ರೇಮಿನಲ್ಲಿ ಹಿಡಿದು, ಹಾಡನ್ನೂ ಸೆಟ್ಟಿನಲ್ಲಿ ಅಷ್ಟೇ ನಿಧಾನ ನುಡಿಸಿದರೆ ಹಾಡುವವರ ಬಾಯಿ ಸರಿಯಿದ್ದು ಸುತ್ತಲಿನ ಲೋಕ ದಡಬಡನೆ ಓಡುತ್ತದೆ. ಹಿಂದುಮುಂದು ಮಾಡುವುದು ಇನ್ನೊಂದು. ಕೋಲ್ಡ್‌ಪ್ಲೇಯ ‘ದಿ ಸೈಂಟಿಸ್ಟ್’ ವಿಡಿಯೋದಲ್ಲಿ ಲೋಕವೆಲ್ಲ ಹಿಂದಕ್ಕೆ ಚಲಿಸುತ್ತಿದ್ದರೂ ಗಾಯಕನ ತುಟಿ ಹಾಡಿಗೆ ಸರಿಯಾಗಿರುವಂತೆ ಮಾಡಲು ಕ್ರಿಸ್ ಮಾರ್ಟಿನ್ ಇಡೀ ಹಾಡನ್ನು ಹಿಂದಿನಿಂದ ಮುಂದಕ್ಕೆ ಹಾಡಲು ಸುಮಾರು ಒಂದು ತಿಂಗಳು ಕಲಿತರು. ಒಂದೇ ಶಾಟಿನೊಳಗೆ ವೇಗ ಏರಿಸಿ ಇಳಿಸುವ ಸ್ಪೀಡ್ ರ‍್ಯಾಂಪ್ ಅಂತೂ ಎಲ್ಲೆಡೆ ಇದೆ. ಅದು ಹೊಂದುವುದು ತಿರುವಿನ ತುದಿ ಒಂದು ಬೀಟಿನ ಮೇಲೆ ಬಿದ್ದಾಗ ಮಾತ್ರ. ಓಕೆ ಗೋ 2010ರ ‘ಎಂಡ್ ಲವ್’ ವಿಡಿಯೋದಲ್ಲಿ ಒಂದು ತುದಿಗೆ 24 ಗಂಟೆಗಳನ್ನು ಅರ್ಧ ಸೆಕೆಂಡಿಗೆ ಅಮುಕಿ, ಇನ್ನೊಂದು ತುದಿಗೆ ಅರ್ಧ ಸೆಕೆಂಡನ್ನು 16 ಸೆಕೆಂಡಿಗೆ ಎಳೆದಿದ್ದರು.

ಎಲ್ಲಿ ಇಡಬೇಕು

ತಂತ್ರ ಕೈಗೆ ಬಂದ ಮೇಲೆ ಉಳಿಯುವ ಪ್ರಶ್ನೆ ಇದು. ಪಲ್ಲವಿ ಬಂದೊಡನೆ ಸ್ಲೋ ಮೋಷನ್ ಹಾಕುವುದು ಎಲ್ಲರೂ ಮಾಡುವ ಕೆಲಸ. ಆದರೆ ಪಲ್ಲವಿಯಲ್ಲಿ ಹಾಡು ಸಾಮಾನ್ಯವಾಗಿ ತುಂಬಿಕೊಳ್ಳುತ್ತದೆ, ವಾದ್ಯಗಳೆಲ್ಲ ಒಟ್ಟಿಗೆ ಏಳುತ್ತವೆ. ಆ ರಭಸಕ್ಕೆ ನಿಧಾನದ ಚಿತ್ರ ಎದುರಾಗಿ ನಿಂತು ಅದನ್ನು ಕುಗ್ಗಿಸುವ ಸಂಭವವೇ ಹೆಚ್ಚು. ನಾನು ನಿಧಾನವನ್ನು ಪಲ್ಲವಿಗೆ ಮುಂಚಿನ ಒಂದೆರಡು ಆವರ್ತಗಳಿಗೆ ಇಡುತ್ತೇನೆ: ಡ್ರಮ್ಮರ್ ಎರಡೂ ಕೈ ಎತ್ತಿದ್ದಾನೆ, ಕೋಲು ಇಳಿಯುತ್ತಿದೆ, ಇನ್ನೂ ಇಳಿಯುತ್ತಿದೆ, ಪೆಟ್ಟು ಬಿದ್ದ ಫ್ರೇಮಿನಿಂದ ಮಾಮೂಲಿ ವೇಗ. ತಡೆದು ಬಿಟ್ಟ ಆ ಶಕ್ತಿ ಪಲ್ಲವಿಗೆ ಹೋಗುತ್ತದೆ. ಹಾಡಿನ ನಡುವೆ ವಾದ್ಯಗಳು ಒಂದೊಂದಾಗಿ ಇಳಿದು ದನಿಯೊಂದೇ ಉಳಿಯುವ ಭಾಗವೂ ಒಳ್ಳೆಯ ಜಾಗ.

ನಿಧಾನ ಯಾಕೆ ಮನಸ್ಸಿಗೆ ನಾಟುತ್ತದೆ ಎಂಬುದಕ್ಕೆ 2007ರಲ್ಲಿ ಪ್ರಕಟವಾದ, ನರವಿಜ್ಞಾನಿ ಡೇವಿಡ್ ಈಗಲ್‌ಮನ್ ಮತ್ತು ಜೊತೆಗಾರರ ಪ್ರಯೋಗವೊಂದು ಸುಳಿವು ಕೊಡುತ್ತದೆ. 31 ಮೀಟರ್ ಎತ್ತರದಿಂದ ಬಲೆಗೆ ಬಿದ್ದವರು ತಮ್ಮ ಬೀಳುವಿಕೆ ಬೇರೆಯವರದಕ್ಕಿಂತ ಶೇಕಡ 36ರಷ್ಟು ಹೆಚ್ಚು ಹೊತ್ತು ನಡೆಯಿತು ಎಂದು ಅಂದಾಜಿಸಿದರು. ಆದರೆ ಬೀಳುವಾಗ ಅವರ ಕಣ್ಣು ಮಾಮೂಲಿಗಿಂತ ವೇಗವಾಗಿ ಏನನ್ನೂ ಓದಲಿಲ್ಲ. ಅಂದರೆ ಆ ಕ್ಷಣದಲ್ಲಿ ಕಾಲ ನಿಧಾನವಾಗಲಿಲ್ಲ, ದಟ್ಟವಾಗಿ ಉಳಿದ ನೆನಪು ಆಮೇಲೆ ಅದನ್ನು ಉದ್ದ ಮಾಡಿತು. ಸ್ಲೋ ಮೋಷನ್ ಹೀಗೆ ನೆನಪಿನ ಉದ್ದವನ್ನು ಅನುಕರಿಸುತ್ತದೆ. ಆದ್ದರಿಂದ ಅದು ಒಪ್ಪುವುದು ಹಾಡಿನಲ್ಲಿ ನೆನಪಿಡಬೇಕಾದ ಒಂದೆರಡು ಕ್ಷಣಗಳಿಗೆ. ಇಡೀ ವಿಡಿಯೋ ನಿಧಾನವಾಗಿರಬೇಕಾದರೆ ಅದು ಒಂದೇ ಉದ್ದನೆಯ ಕ್ಷಣವಾಗಿರಬೇಕು, ‘ಯೆಲ್ಲೋ’ದ ನಡಿಗೆಯಂತೆ.

ಚಿತ್ರೀಕರಣದ ದಿನ ಮೊದಲು ಪ್ರತಿ ಸದಸ್ಯನದೂ ಇಡೀ ಹಾಡಿನ ಒಂದೊಂದು ಮಾಮೂಲಿ ವೇಗದ ಟೇಕ್ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ನಿಧಾನದ ಶಾಟ್ ಎಷ್ಟೇ ಸುಂದರವಾಗಿದ್ದರೂ ಅಲ್ಲಿಂದ ಹೊರಬರಲು ಎಡಿಟರಿಗೆ ಒಂದು ದಾರಿ ಬೇಕು. ವೇಗದ ಪ್ಲೇಬ್ಯಾಕ್ ಟೇಕುಗಳು ಆಮೇಲೆ, ನೀರು ಮತ್ತು ಪುಡಿ ಎಲ್ಲಕ್ಕಿಂತ ಕೊನೆಗೆ; ಅವು ಬಿದ್ದ ಮೇಲೆ ಬಟ್ಟೆ, ನೆಲ, ವಾದ್ಯ ಯಾವುದೂ ಮೊದಲಿನಂತಿರುವುದಿಲ್ಲ. ಮುಗಿದ ವಿಡಿಯೋವನ್ನು ಅಂತರ್ಜಾಲಕ್ಕೆ ಏರಿಸುವಾಗ ನಿಧಾನದ ಶಾಟುಗಳು ಚೆನ್ನಾಗಿಯೇ ಉಳಿಯುತ್ತವೆ, ಏಕೆಂದರೆ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಬದಲಾಗುವುದು ಕಡಿಮೆ, ಗಾತ್ರ ಕುಗ್ಗಿಸುವ ತಂತ್ರಕ್ಕೆ ಕೆಲಸ ಸುಲಭ. ಒಡೆಯುವುದು ಹೊಗೆ, ಮಿನುಗುವ ಕಾಗದದ ಚೂರು ಮತ್ತು ಬೆಳಕು ಸಾಲದೆ ಹಿಡಿದ ಶಾಟಿನ ಕಾಳುಕಾಳು ಗದ್ದಲ. ಮೊದಲೆರಡನ್ನು 4ಕೆಯಲ್ಲಿ, ಸೆಕೆಂಡಿಗೆ ಹೆಚ್ಚು ಮಾಹಿತಿ ಉಳಿಸುವ ಹೆಚ್ಚಿನ ಬಿಟ್‌ರೇಟಿನಲ್ಲಿ ಏರಿಸಿ ಬಹುಮಟ್ಟಿಗೆ ಉಳಿಸಿಕೊಳ್ಳಬಹುದು. ಮೂರನೆಯದಕ್ಕೆ ಸೆಟ್ಟಿನಲ್ಲೇ ಇನ್ನೊಂದು ದೀಪ ಹಚ್ಚಬೇಕು.